ಲಿವರ್‌ನೊಳಗೆ ಪಿತ್ತ ಹರಿಯುವ ದಾರಿ: ಅವ್ವನ ಕಾಮಾಲೆಯ ಬಗ್ಗೆ ಕೇಳಿದ ಮಗಳಿಗೆ

ಪ್ರಶ್ನೆ: ಡಾಕ್ಟ್ರೇ, ನಾವು ಕೊಡಗಿನ ನಾಪೋಕ್ಲು ಕಡೆಯವರು. ನಮ್ಮ ಅವ್ವನಿಗೆ 62 ವರ್ಷ. ಕೈಲ್ ಮುಹೂರ್ತ ಹಬ್ಬದ ಊಟ ಮಾಡಿದ ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ, ಬಲಗಡೆ ಜೋರು ನೋವು ಬಂತು. ಬೆಳಿಗ್ಗೆ ಹಳದಿ ನೀರು ವಾಂತಿಯಾಯಿತು. ನಾಲ್ಕನೇ ದಿನಕ್ಕೆ ಕಣ್ಣು ಹಳದಿ, ಈಗ ಮೈಯೆಲ್ಲ ತುರಿಕೆ. ಪಿತ್ತಕೋಶದಲ್ಲಿ ಕಲ್ಲುಗಳಿವೆ, ಅದರಲ್ಲಿ ಒಂದು ಜಾರಿ ದೊಡ್ಡ ಪಿತ್ತನಾಳದಲ್ಲಿ ಸಿಕ್ಕಿಕೊಂಡಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದಿದೆ. ಮೈಸೂರಿಗೆ ಹೋಗಿ ಇಆರ್‌ಸಿಪಿ (ಬಾಯಿಯಿಂದ ಕೊಳವೆ ಇಳಿಸಿ ಕಲ್ಲು ತೆಗೆಯುವುದು) ಮಾಡಿಸಿ, ಆಮೇಲೆ ಪಿತ್ತಕೋಶ ತೆಗೆಸಿ ಎಂದಿದ್ದಾರೆ. ಮನೆಯ ಹಿರಿಯರು ಮಾತ್ರ ‘ಪಿತ್ತ ಜಾಸ್ತಿಯಾಗಿದೆ ಅಷ್ಟೇ, ಹಸಿರು ಮದ್ದು ಕೊಟ್ಟರೆ ಇಳಿಯುತ್ತೆ, ಒಂದು ವಾರ ನೋಡೋಣ’ ಎನ್ನುತ್ತಿದ್ದಾರೆ. ಲಿವರ್‌ನಲ್ಲಿ ಪಿತ್ತ ಹರಿಯುವುದು ಹೇಗೆ? ಕಲ್ಲು ಇರುವುದು ಲಿವರ್‌ನ ಹೊರಗೆ, ಹಾಗಿದ್ದರೆ ಲಿವರ್‌ಗೆ ಏಕೆ ತೊಂದರೆ? ಪಿತ್ತಕೋಶವನ್ನೇ ತೆಗೆದರೆ ಪಿತ್ತ ಎಲ್ಲಿಗೆ ಹೋಗುತ್ತದೆ?

ಉತ್ತರ: ಒಂದು ವಾರ ಕಾಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಮೈಸೂರಿನ ದಾರಿಯಲ್ಲಿ ಕೂತು ಓದಿದರೂ ಆದೀತು. ಅವ್ವನಿಗೆ ಚಳಿ ಹಿಡಿದು ನಡುಗಿಸುವ ಜ್ವರ ಬಂದರೆ, ಅಥವಾ ಮಂಪರು ಕವಿದು ಮಾತು ತಡವರಿಸಿದರೆ, ಬೆಳಗಾಗಲಿ ಎಂದೂ ಕಾಯಬೇಡಿ. ಆ ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ಪತ್ರದಲ್ಲಿ ಎಲ್ಲವೂ ಇದೆ, ಒಂದು ಮಾತ್ರ ಇಲ್ಲ: ಮಲದ ಬಣ್ಣ. ನಮ್ಮ ಕಡೆಯ ಹಿರಿಯ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮಕ್ಕಳು ಕೇಳುವುದೂ ಇಲ್ಲ. ದಯವಿಟ್ಟು ಕೇಳಿ. ಕಾಮಾಲೆ ಬಂದವರ ಕಣ್ಣನ್ನು ಊರೆಲ್ಲ ನೋಡುತ್ತದೆ. ಆದರೆ ಪಿತ್ತ ಕರುಳಿಗೆ ಇಳಿಯುತ್ತಿದೆಯೋ ಇಲ್ಲವೋ ಎಂದು ಹೇಳುವುದು ಕಣ್ಣಲ್ಲ, ಮಲ. ಏಕೆ ಎಂದು ಹೇಳಲು ಪಿತ್ತ ಹುಟ್ಟುವ ಜಾಗದಿಂದಲೇ ಶುರುಮಾಡಬೇಕು.

ಅದಕ್ಕೂ ಮೊದಲು ‘ಪಿತ್ತ’ ಎಂಬ ಮಾತಿನ ಬಗ್ಗೆ ಸ್ವಲ್ಪ. ತಲೆ ಸುತ್ತಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ, ಕೋಪ ಬಂದರೆ ಪಿತ್ತ ನೆತ್ತಿಗೇರಿತು. ಆಯುರ್ವೇದದಲ್ಲಿ ಪಿತ್ತ ಒಂದು ದೋಷ, ಬಹಳ ವಿಶಾಲವಾದ ಕಲ್ಪನೆ. ನಾನಿಲ್ಲಿ ಹೇಳುತ್ತಿರುವುದು ಲಿವರ್‌ನಲ್ಲಿ ತಯಾರಾಗುವ, ಕಣ್ಣಿಗೆ ಕಾಣುವ, ಲೋಟದಲ್ಲಿ ಅಳೆಯಬಹುದಾದ ಹಳದಿ ರಸದ ಬಗ್ಗೆ. ಎರಡಕ್ಕೂ ಒಂದೇ ಹೆಸರಿರುವುದರಿಂದಲೇ ನಿಮ್ಮ ಮನೆಯಲ್ಲಿ ಈ ಗೊಂದಲ ಎದ್ದಿರುವುದು. ಅವ್ವನಿಗೆ ಪಿತ್ತ ಹೆಚ್ಚಾಗಿಲ್ಲ. ಕರುಳಿಗೆ ಇಳಿಯಬೇಕಾದ ಪಿತ್ತ ಇಳಿಯದೆ ರಕ್ತಕ್ಕೆ ಹಿಂತಿರುಗುತ್ತಿದೆ. ಅಂದು ಬೆಳಿಗ್ಗೆ ವಾಂತಿಯಲ್ಲಿ ಬಂದ ಹಳದಿ ನೀರು ಕೂಡ ಪಿತ್ತ ಹೆಚ್ಚಾದದ್ದಕ್ಕೆ ಸಾಕ್ಷಿಯಲ್ಲ. ಖಾಲಿ ಹೊಟ್ಟೆಯಲ್ಲಿ ಯಾರಿಗೇ ಜೋರಾಗಿ ವಾಂತಿಯಾದರೂ ಕರುಳಿನ ಆರಂಭದಲ್ಲಿರುವ ಪಿತ್ತ ಹಿಮ್ಮುಖವಾಗಿ ಜಠರಕ್ಕೆ ಬಂದು ಹಾಗೆ ಕಾಣಿಸುತ್ತದೆ.

ಈಗ ಲಿವರ್. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಂದಿ ಕಡಿದ ದಿನ, ಲಿವರ್‌ನ ಅಡಿಯಲ್ಲಿ ಅಂಟಿಕೊಂಡಿರುವ ಹಸಿರು ಚೀಲವನ್ನು ಬಿಡಿಸುವ ಕೆಲಸವನ್ನು ದೊಡ್ಡವರು ನಮಗೆ ಕೊಡುತ್ತಿರಲಿಲ್ಲ. ಅದು ಒಡೆದರೆ ತಾಗಿದ ಮಾಂಸವೆಲ್ಲ ಕಹಿ. ಆ ಚೀಲವೇ ಪಿತ್ತಕೋಶ. ನಾನು ಬೆರಗಾಗಿ ನೋಡುತ್ತಿದ್ದದ್ದು ಮಾತ್ರ ಚೀಲವನ್ನಲ್ಲ, ಲಿವರ್‌ನ ಮೈಯನ್ನು. ಅದರ ಮೇಲೆಲ್ಲ ಜೇನುಹಲ್ಲೆಯ ಹಾಗೆ ಸಣ್ಣ ಸಣ್ಣ ಮೂಲೆ ಮೂಲೆಯ ಚೌಕಟ್ಟುಗಳು, ಒಂದೊಂದೂ ಒಂದೆರಡು ಮಿಲಿಮೀಟರ್ ಅಗಲ. ಮೆಡಿಕಲ್ ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು, ಅದರ ಹೆಸರು ಲಾಬ್ಯೂಲ್. ಮನುಷ್ಯರ ಲಿವರ್‌ನಲ್ಲೂ ಇದೇ ಏರ್ಪಾಡು. ನಮ್ಮಲ್ಲಿ ಚೌಕಟ್ಟಿನ ಗೋಡೆ ಪೂರ್ತಿಯಾಗಿ ಇಲ್ಲದ್ದರಿಂದ ಬರಿಗಣ್ಣಿಗೆ ಕಾಣುವುದಿಲ್ಲ, ಹಂದಿಯಲ್ಲಿ ಗೋಡೆ ಗಟ್ಟಿ, ಆದ್ದರಿಂದ ಕಾಣುತ್ತದೆ. ಮುಂದಿನ ಸಲ ನಿಮ್ಮ ಅಡುಗೆಮನೆಗೆ ಹಂದಿಯ ಲಿವರ್ ಬಂದಾಗ ಬೆಳಕಿಗೆ ಹಿಡಿದು ನೋಡಿ.

ಒಂದು ಚೌಕಟ್ಟನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಿ. ರಕ್ತ ಅದರ ಅಂಚಿನ ಮೂಲೆಗಳಿಂದ ಒಳಗೆ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಆಹಾರದ ಸಾರ ಹೊತ್ತು ತರುವ ಪೋರ್ಟಲ್ ರಕ್ತನಾಳದ್ದು, ಉಳಿದ ಕಾಲು ಪಾಲು ಆಮ್ಲಜನಕ ತರುವ ಅಪಧಮನಿಯದ್ದು. ಎರಡೂ ಬೆರೆತು, ಸಾಲಾಗಿ ನಿಂತ ಜೀವಕೋಶಗಳ ಪಕ್ಕದಲ್ಲಿ ಹರಿದು, ಚೌಕಟ್ಟಿನ ನಡುವೆ ಇರುವ ರಕ್ತನಾಳಕ್ಕೆ ಸೇರಿ ಹೃದಯದ ಕಡೆ ಹೊರಡುತ್ತವೆ. ಪಿತ್ತ ಹರಿಯುವುದು ಇದಕ್ಕೆ ತೀರಾ ಉಲ್ಟಾ, ನಡುವಿನಿಂದ ಅಂಚಿಗೆ. ಒಂದೇ ಜೀವಕೋಶದ ಒಂದು ಮಗ್ಗುಲಲ್ಲಿ ರಕ್ತ ಒಳಮುಖ, ಇನ್ನೊಂದು ಮಗ್ಗುಲಲ್ಲಿ ಪಿತ್ತ ಹೊರಮುಖ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ.

ಪಿತ್ತದ ಮೊದಲ ಕಾಲುವೆಗೆ ತನ್ನದೇ ಆದ ಗೋಡೆ ಇಲ್ಲ. ನಿಮ್ಮ ಎರಡೂ ಅಂಗೈಗಳನ್ನು ಸ್ವಲ್ಪ ಬಾಗಿಸಿ ಒಂದಕ್ಕೊಂದು ಕೂಡಿಸಿ ನೋಡಿ, ನಡುವೆ ಒಂದು ಟೊಳ್ಳು ಉಳಿಯುತ್ತದಲ್ಲ, ಹಾಗೆಯೇ ಅಕ್ಕಪಕ್ಕದ ಎರಡು ಜೀವಕೋಶಗಳ ನಡುವಿನ ಟೊಳ್ಳೇ ಆ ಕಾಲುವೆ. ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು. ಅಂಗೈಗಳ ಅಂಚು ಕೂಡುವ ಕಡೆ ಜೀವಕೋಶಗಳು ಬಿಗಿಯಾದ ಬೆಸುಗೆ ಹಾಕಿಕೊಂಡಿರುತ್ತವೆ. ಈ ಬೆಸುಗೆಯನ್ನು ನೆನಪಿಟ್ಟುಕೊಳ್ಳಿ, ಅವ್ವನ ಕಾಯಿಲೆಗೆ ಬಂದಾಗ ಬೇಕಾಗುತ್ತದೆ.

ಇಷ್ಟು ಕಿರಿದಾದ ಜಾಗದಲ್ಲಿ ರಸ ಹರಿಯುವುದು ಹೇಗೆ? ಕಿಡ್ನಿಯಲ್ಲಾದರೆ ರಕ್ತದ ಒತ್ತಡವೇ ನೀರನ್ನು ಸೋಸಿ ತಳ್ಳುತ್ತದೆ. ಲಿವರ್‌ನಲ್ಲಿ ಹಾಗಾಗಲು ಸಾಧ್ಯವೇ ಇಲ್ಲ, ಏಕೆಂದರೆ ಪಿತ್ತ ಹೊರಡುವ ಒತ್ತಡ ಪಕ್ಕದ ರಕ್ತದ ಒತ್ತಡಕ್ಕಿಂತ ಹೆಚ್ಚು. ಅಂದರೆ ಪಿತ್ತ ತಾನಾಗಿ ಸೋರುವ ರಸವಲ್ಲ, ಒಂದೊಂದು ಜೀವಕೋಶವೂ ಶಕ್ತಿ ಖರ್ಚುಮಾಡಿ ಎತ್ತಿ ಹಾಕುವ ರಸ. ಜೀವಕೋಶದ ಆ ಮಗ್ಗುಲಿನ ಪೊರೆಯಲ್ಲಿ ಪ್ರೋಟೀನಿನ ಪಂಪುಗಳಿವೆ. ಒಂದರ ಹೆಸರೇ ಬೈಲ್ ಸಾಲ್ಟ್ ಎಕ್ಸ್‌ಪೋರ್ಟ್ ಪಂಪ್. ಅದು ಪಿತ್ತಲವಣವನ್ನು ಕಾಲುವೆಗೆ ತುಂಬುತ್ತದೆ, ರಕ್ತದಲ್ಲಿ ಇರುವುದಕ್ಕಿಂತ ನೂರಾರು ಪಟ್ಟು ದಟ್ಟವಾಗುವ ತನಕ. ಉಪ್ಪು ಹಾಕಿಟ್ಟ ನಿಂಬೆಹೋಳು ಬೆಳಗಾಗುವುದರಲ್ಲಿ ನೀರು ಬಿಟ್ಟುಕೊಂಡಿರುತ್ತದಲ್ಲ, ಅದೇ ರೀತಿ ಲವಣ ಹೋದ ಕಡೆಗೆ ನೀರು ತಾನೇ ಎಳೆದುಕೊಂಡು ಬರುತ್ತದೆ. ಹಿಂದಿನಿಂದ ಬರುವ ನೀರು ಮುಂದಿನದ್ದನ್ನು ತಳ್ಳುತ್ತದೆ. ಕಾಲುವೆಯ ಸುತ್ತ ಜೀವಕೋಶದೊಳಗೆ ಇರುವ ಸಣ್ಣ ನಾರುಗಳು ಆಗಾಗ ಬಿಗಿದು, ಹಾಲು ಕರೆಯುವ ಬೆರಳುಗಳ ಹಾಗೆ ಅದನ್ನು ಮುಂದೆ ಒತ್ತುತ್ತವೆ. ನನಗೆ ಇಷ್ಟು ವರ್ಷಗಳಾದರೂ ಇದು ಹಳೆಯ ಸಂಗತಿ ಅನ್ನಿಸಿಲ್ಲ. ಸುಮಾರು ಒಂದೂವರೆ ಕೆಜಿ ತೂಕದ ಲಿವರ್‌ನಲ್ಲಿ ಒಂದು ಕ್ಷಣವೂ ಬಿಡುವಿಲ್ಲದೆ ಈ ಎತ್ತುವ ಕೆಲಸ ನಡೆದಿರುತ್ತದೆ.

ಪಿತ್ತಲವಣ ಒಂದು ಬಗೆಯ ಸೋಪು. ಕಾಚಂಪುಳಿಯ ಹುಳಿ ಹಾಕಿದ ಪಂದಿಕರಿಯ (ಹಂದಿ ಮಾಂಸದ ಸಾರಿನ) ಮೇಲೆ ತೇಲುವ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದು ಜೀರ್ಣಕ್ಕೆ ಒದಗಿಸುವುದು ಅದೇ. ಸೋಪು ಕಾಲುವೆಯ ಗೋಡೆಯನ್ನೇ ಕೊರೆಯಬಾರದೆಂದು ಇನ್ನೊಂದು ಪಂಪು ಲೆಸಿಥಿನ್ ಎಂಬ ಜಿಡ್ಡನ್ನು ಜೊತೆಗೆ ಹಾಕುತ್ತದೆ. ಕೊಲೆಸ್ಟ್ರಾಲ್ ಕೂಡ ಪಿತ್ತದಲ್ಲಿ ಕರಗಿ ಹೋಗುತ್ತದೆ. ಈ ಮೂರರ ಹದ ತಪ್ಪಿ ಕೊಲೆಸ್ಟ್ರಾಲ್ ಹೆಚ್ಚಾದರೆ ಅದು ಹರಳುಗಟ್ಟುತ್ತದೆ, ಬಹಳಷ್ಟು ಪಿತ್ತದ ಕಲ್ಲುಗಳ ಹುಟ್ಟು ಅಲ್ಲಿಯೇ. ಮತ್ತೊಂದು ಪಂಪಿನಿಂದ ಬಿಲಿರುಬಿನ್ ಬೀಳುತ್ತದೆ. ನಮ್ಮ ಕೆಂಪು ರಕ್ತಕಣಗಳು 120 ದಿನ ಬಾಳಿ ಸಾಯುತ್ತವೆ, ಅವುಗಳ ಬಣ್ಣ ಒಡೆದು ದಿನಕ್ಕೆ ಸುಮಾರು 250ರಿಂದ 300 ಮಿಲಿಗ್ರಾಂ ಬಿಲಿರುಬಿನ್ ಆಗುತ್ತದೆ. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತಕ್ಕೆ ಸೇರಿಸುತ್ತದೆ. ಪಿತ್ತದ ಹಳದಿ ಇದರದ್ದು. ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಇದನ್ನೇ ಕಂದು ಬಣ್ಣಕ್ಕೆ ತಿರುಗಿಸುತ್ತವೆ. ಮಲಕ್ಕೆ ಬಣ್ಣ ಬರುವುದು ತಿಂದ ಅನ್ನದಿಂದಲ್ಲ, ಪಿತ್ತದಿಂದ.

ಮುಂದಿನ ದಾರಿ ಸುಲಭ. ಅಂಚಿಗೆ ಬಂದ ಪಿತ್ತ ಗೋಡೆಯಿರುವ ನಿಜವಾದ ಸಣ್ಣ ನಾಳಕ್ಕೆ ಸೇರುತ್ತದೆ. ಆ ನಾಳಗಳ ಒಳಪದರವೂ ಸುಮ್ಮನಿರುವುದಿಲ್ಲ, ಸೋಡಾದಂಥ ಕ್ಷಾರವನ್ನೂ ನೀರನ್ನೂ ಸೇರಿಸುತ್ತಾ ಹೋಗುತ್ತದೆ. ನಾಳಕ್ಕೆ ನಾಳ ಕೂಡಿ ಕೊನೆಗೆ ಎಡದ್ದೊಂದು, ಬಲದ್ದೊಂದು ಲಿವರ್‌ನಿಂದ ಹೊರಬಂದು ಒಂದಾಗುತ್ತವೆ. ಕೆಳಗೆ ಸಣ್ಣ ಕರುಳಿನ ಆರಂಭಕ್ಕೆ ಸೇರುವ ಕಡೆ ಒಂದು ಸ್ನಾಯುವಿನ ಬಾಗಿಲಿದೆ. ಇಟಲಿಯ ರುಗೆರೊ ಓಡಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ 1887ರಲ್ಲಿ ಅದನ್ನು ವಿವರಿಸಿದ, ಅವನ ಹೆಸರೇ ಉಳಿದಿದೆ. ಊಟವಿಲ್ಲದ ಹೊತ್ತಿನಲ್ಲಿ ಆ ಬಾಗಿಲು ಬಿಗಿಯಾಗಿರುತ್ತದೆ. ಆಗ ಪಿತ್ತದ ಹೆಚ್ಚಿನ ಭಾಗ ಪಕ್ಕದ ಕವಲಿನಲ್ಲಿ ಹತ್ತಿ ಪಿತ್ತಕೋಶಕ್ಕೆ ಹೋಗುತ್ತದೆ. ದಿನಕ್ಕೆ ಲಿವರ್ ಮಾಡುವ ಪಿತ್ತ 600ರಿಂದ 1000 ಮಿಲಿಲೀಟರ್, ಪಿತ್ತಕೋಶ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಅದು ನೀರನ್ನು ಹೀರಿ ಪಿತ್ತವನ್ನು ಐದರಿಂದ ಹತ್ತು ಪಟ್ಟು ಗಟ್ಟಿ ಮಾಡುವುದರಿಂದ ಸಾಲುತ್ತದೆ.

ಕೊಬ್ಬಿನ ಊಟ ಕರುಳಿಗೆ ತಲುಪಿದಾಗ ಕರುಳು ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತದೆ, ಕೊಲೆಸಿಸ್ಟೊಕೈನಿನ್. ಅದರಿಂದ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಬಾಗಿಲು ಸಡಿಲಾಗುತ್ತದೆ. ಕೈಲ್ ಮುಹೂರ್ತದ ರಾತ್ರಿ ಆದದ್ದು ಇದೇ. ಪಂದಿಕರಿ ಕಲ್ಲನ್ನು ಹುಟ್ಟಿಸಲಿಲ್ಲ, ಕಲ್ಲು ಬಹಳ ಹಿಂದಿನಿಂದ ಇತ್ತು. ಊಟ ಪಿತ್ತಕೋಶವನ್ನು ಜೋರಾಗಿ ಹಿಂಡಿಸಿತು, ಕಲ್ಲು ಜಾರಿ ಕೆಳಗಿನ ನಾಳದಲ್ಲಿ ಕೂತಿತು. ‘ನಾನು ಬಡಿಸಿದ್ದರಿಂದ ಅವ್ವನಿಗೆ ಹೀಗಾಯಿತು’ ಎಂದು ಮನೆಯಲ್ಲಿ ಯಾರಾದರೂ ಕೊರಗುತ್ತಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕಲ್ಲು ಹೊರಗಿದ್ದರೆ ಲಿವರ್‌ಗೆ ಏಕೆ ತೊಂದರೆ? ಕೆಳಗಿನ ಗದ್ದೆಯ ಬದುವಿನ ಬಾಯಿಯನ್ನು ಮುಚ್ಚಿದರೆ ನೀರು ಮೊದಲು ಆ ಗದ್ದೆಯಲ್ಲಿ ನಿಲ್ಲುತ್ತದೆ, ಮಳೆ ನಿಲ್ಲದಿದ್ದರೆ ಮೇಲಿನ ಗದ್ದೆಗಳೂ ಒಂದೊಂದಾಗಿ ತುಂಬುತ್ತವೆ. ಇಲ್ಲಿಯೂ ಮೇಲಿನ ಪಂಪುಗಳು ನಿಂತಿಲ್ಲ. ದೊಡ್ಡ ನಾಳ ಹಿಗ್ಗುತ್ತದೆ, ಆಮೇಲೆ ಕವಲುಗಳು, ಕೊನೆಗೆ ಒತ್ತಡ ಆ ಅಂಗೈ ನಡುವಿನ ಕಾಲುವೆ ತನಕ ಏರುತ್ತದೆ. ಸುಮಾರು 30 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಪಿತ್ತದ ಹರಿವೇ ನಿಲ್ಲುತ್ತದೆ. ನಾನು ಹೇಳಿದ ಬೆಸುಗೆ ಸಡಿಲಾಗಿ, ಪಿತ್ತದಲ್ಲಿ ಇರಬೇಕಾದದ್ದೆಲ್ಲ ಪಕ್ಕದ ರಕ್ತಕ್ಕೆ ಸೋರುತ್ತದೆ. ಬಿಲಿರುಬಿನ್‌ನಿಂದ ಕಣ್ಣು ಹಳದಿ. ಅದು ಈಗ ನೀರಿನಲ್ಲಿ ಕರಗುವ ರೂಪದಲ್ಲಿರುವುದರಿಂದ ಕಿಡ್ನಿ ಹೊರಹಾಕುತ್ತದೆ, ಮೂತ್ರ ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕರುಳಿಗೆ ಬಣ್ಣ ಇಳಿಯದ್ದರಿಂದ ಮಲ ಬೂದು, ಬಿಳಿ ಜೇಡಿಮಣ್ಣಿನ ಹಾಗೆ. ಕಣ್ಣು ಹಳದಿ, ಮೂತ್ರ ಕಪ್ಪು, ಮಲ ಬಿಳಿ, ಈ ಮೂರೂ ಒಟ್ಟಿಗೆ ಕಂಡರೆ ದಾರಿ ಕಟ್ಟಿರಬಹುದು ಎಂದು ನಾನು ಸ್ಕ್ಯಾನಿಂಗ್ ಬರುವ ಮೊದಲೇ ಯೋಚಿಸತೊಡಗುತ್ತೇನೆ.

ತುರಿಕೆಯೂ ರಕ್ತಕ್ಕೆ ಸೋರಿದ ಪಿತ್ತದ ಅಂಶಗಳದ್ದೇ. ಪಿತ್ತದ ಗಂಧೆಯಲ್ಲಿ ದದ್ದು ಎದ್ದು ಕೆಲವು ಗಂಟೆಗಳಲ್ಲಿ ಮಾಯವಾಗುತ್ತದೆ. ಇದರಲ್ಲಿ ದದ್ದೇ ಇರುವುದಿಲ್ಲ, ಕೆರೆದ ಗೀರು ಮಾತ್ರ. ಅಂಗೈ, ಅಂಗಾಲಿನಲ್ಲಿ ಹೆಚ್ಚು, ರಾತ್ರಿ ಇನ್ನೂ ಹೆಚ್ಚು. ಅವ್ವ ನಿದ್ದೆಗೆಟ್ಟಿರುತ್ತಾರೆ, ಅವರ ಉಗುರು ಕತ್ತರಿಸಿಡಿ.

ಹಸಿರು ಮದ್ದಿನ ವಿಷಯವನ್ನು ಗೌರವದಿಂದಲೇ ಹೇಳುತ್ತೇನೆ. ನೆಲನೆಲ್ಲಿಯ ರಸ ಕುಡಿದು ಕಾಮಾಲೆ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಅಲ್ಲಿ ಕಾಯಿಲೆ ಇರುವುದು ಜೀವಕೋಶದಲ್ಲಿ. ಅವ್ವನ ಜೀವಕೋಶಗಳು ತಮ್ಮ ಕೆಲಸ ಮಾಡಲು ಸಿದ್ಧವಾಗಿಯೇ ಇವೆ, ದಾರಿಯಲ್ಲಿ ಕಲ್ಲಿದೆ. ಯಾವ ಸೊಪ್ಪಿನ ರಸವೂ ಆ ಕಲ್ಲನ್ನು ಎತ್ತಿಡುವುದಿಲ್ಲ. ನಾವು ಕೊಡುವ ಮಾತ್ರೆಗಳೂ ಎತ್ತಿಡುವುದಿಲ್ಲ.

ಹಲವು ವರ್ಷಗಳ ಹಿಂದೆ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರನ್ನು ನನ್ನ ಬಳಿ ತಂದರು. ಮೂರು ವಾರ ಮದ್ದು ಕುಡಿದಿದ್ದರು, ಪಥ್ಯ ಎಂದು ಉಪ್ಪು ಖಾರ ಬಿಟ್ಟು ಗಂಜಿಯಲ್ಲೇ ಇದ್ದರು. ಹಲ್ಲುಜ್ಜಿದ ಜಾಗದಿಂದ ಸೋರುತ್ತಿದ್ದ ರಕ್ತ ನಿಲ್ಲುತ್ತಿರಲಿಲ್ಲ, ಒರೆಸಿಕೊಳ್ಳಲು ಹೆಗಲ ಮೇಲಿನ ಟವೆಲ್ಲನ್ನೇ ಬಾಯಿಗೆ ಒತ್ತಿ ಹಿಡಿದಿದ್ದರು. ಪಿತ್ತ ಕರುಳಿಗೆ ಇಳಿಯದಿದ್ದರೆ ಕೊಬ್ಬಿನ ಜೊತೆ ಸೇರಬೇಕಾದ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ಅದಿಲ್ಲದೆ ರಕ್ತ ಹೆಪ್ಪುಗಟ್ಟುವ ಅಂಶಗಳನ್ನು ಲಿವರ್ ಸರಿಯಾಗಿ ಮಾಡಲಾರದು. ಆ ರಾತ್ರಿಯೇ ಅವರಿಗೆ ನಡುಕದ ಜ್ವರ ಬಂತು. ನಿಂತ ಪಿತ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದು, ಒತ್ತಡಕ್ಕೆ ರಕ್ತಕ್ಕೆ ನುಗ್ಗಿತ್ತು. ಅವರು ಬದುಕಿದರು, ಆದರೆ ಮನೆಗೆ ಮರಳಲು ತಿಂಗಳ ಮೇಲಾಯಿತು. ಮೊದಲ ವಾರದಲ್ಲಿ ಬಂದಿದ್ದರೆ ಕೆಲವೇ ದಿನಗಳಲ್ಲಿ ಮುಗಿಯುವ ಕೆಲಸ. ಅದಕ್ಕೇ ನಿಮಗೆ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ದಾರಿ ತಿಂಗಳುಗಟ್ಟಲೆ ಕಟ್ಟಿಕೊಂಡೇ ಇದ್ದರೆ ಲಿವರ್ ನಾರುಗಟ್ಟಿ ಗಟ್ಟಿಯಾಗುತ್ತದೆ, ಬೇಗ ಬಿಡಿಸಿದರೆ ಪೂರ್ತಿ ಚೇತರಿಸಿಕೊಳ್ಳುತ್ತದೆ.

ಇಆರ್‌ಸಿಪಿ ಎಂದರೆ ಹೊಟ್ಟೆ ಕೊಯ್ಯುವುದಲ್ಲ. ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆಯನ್ನು ಕರುಳಿನ ಆರಂಭದ ತನಕ ಇಳಿಸಿ, ಓಡಿಯ ಬಾಗಿಲನ್ನು ಸಣ್ಣ ತಂತಿಯಿಂದ ಸ್ವಲ್ಪ ಸೀಳಿ, ಬಲೂನಿನಿಂದಲೋ ಬುಟ್ಟಿಯಂಥ ಸಲಕರಣೆಯಿಂದಲೋ ಕಲ್ಲನ್ನು ಕರುಳಿಗೆ ಎಳೆದು ಹಾಕುತ್ತಾರೆ. ಹೀಗೆ ಬಾಗಿಲು ಸೀಳುವುದನ್ನು 1974ರಲ್ಲಿ ಜರ್ಮನಿಯಲ್ಲೂ ಜಪಾನಿನಲ್ಲೂ ಬೇರೆ ಬೇರೆಯಾಗಿ ಮೊದಲು ವರದಿ ಮಾಡಿದರು. ಬಾಗಿಲು ಬಿಚ್ಚಿದ ಕ್ಷಣ ಪರದೆಯ ಮೇಲೆ ಕಾಣುವುದನ್ನು ನಿಮಗೆ ತೋರಿಸಬೇಕಿತ್ತು. ಮೊದಲು ಕೆಸರಿನಂಥ ಕಡು ಹಸಿರು ರಸ ನುಗ್ಗುತ್ತದೆ, ಅದರ ಹಿಂದೆ ಕಲ್ಲಿನ ಚೂರುಗಳು, ಆಮೇಲೆ ಹೊಸ ಪಿತ್ತ, ಜೇನಿನ ಬಣ್ಣದ್ದು. ಹೋಗುವ ಮೊದಲು ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಏನಿದ್ದರೂ ವೈದ್ಯರಿಗೆ ತಿಳಿಸಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿ ಬೇಕಾದರೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ. ನೂರರಲ್ಲಿ ಕೆಲವರಿಗೆ ಇದಾದ ಮೇಲೆ ಮೇದೋಜೀರಕ ಗ್ರಂಥಿ ಊದಿಕೊಂಡು ಬೆನ್ನಿಗೆ ಹೊಡೆಯುವ ಹೊಟ್ಟೆನೋವು ಬರಬಹುದು. ಬಂದರೆ ಗ್ಯಾಸ್ ಎಂದು ಸುಮ್ಮನಿರಬೇಡಿ, ಕೂಡಲೇ ಹೇಳಿ.

ಪಿತ್ತಕೋಶ ತೆಗೆದ ಮೇಲೆ ಪಿತ್ತ ಎಲ್ಲಿಗೆ ಹೋಗುತ್ತದೆ? ಹೋಗಬೇಕಾದ ಕಡೆಗೇ. ಪಿತ್ತ ಮಾಡುವುದು ಲಿವರ್, ಪಿತ್ತಕೋಶ ಕೂಡಿಡುವ ಜಾಗ ಮಾತ್ರ. ಇನ್ನು ಮುಂದೆ ಅದು ಹೊತ್ತುಹೊತ್ತಿಗೆ ಹಿಂಡಿ ಬರುವ ಬದಲು ಸಣ್ಣದಾಗಿ ಸದಾ ಇಳಿಯುತ್ತಿರುತ್ತದೆ. ದುಬಾರೆಯ ಆನೆಗಳಿಗೆ ಪಿತ್ತಕೋಶವೇ ಇಲ್ಲ, ಕುದುರೆಗೂ ಇಲ್ಲ. ಇಳಿದ ಪಿತ್ತಲವಣ ಪೋಲೂ ಆಗುವುದಿಲ್ಲ. ಸಣ್ಣ ಕರುಳಿನ ಕೊನೆಯ ಭಾಗ ಅದರಲ್ಲಿ ನೂರಕ್ಕೆ ಸುಮಾರು 95 ಭಾಗವನ್ನು ಹೀರಿ ಪೋರ್ಟಲ್ ರಕ್ತದಲ್ಲಿ ಲಿವರ್‌ಗೆ ವಾಪಸು ಕಳಿಸುತ್ತದೆ, ಪಂಪುಗಳು ಮತ್ತೆ ಎತ್ತಿ ಹಾಕುತ್ತವೆ. ನಮ್ಮ ಮೈಯಲ್ಲಿ ಇರುವುದು ಒಟ್ಟು ಎರಡರಿಂದ ನಾಲ್ಕು ಗ್ರಾಂ ಪಿತ್ತಲವಣ, ಅದೇ ದಿನಕ್ಕೆ ಆರರಿಂದ ಹತ್ತು ಸಲ ಸುತ್ತುತ್ತದೆ. ಆಪರೇಷನ್ ಆದ ಹೊಸದರಲ್ಲಿ ಕೆಲವರಿಗೆ ಭೇದಿಯಾಗುತ್ತದೆ, ಹೆಚ್ಚಿನವರಲ್ಲಿ ಅದು ತಾನೇ ಹದಕ್ಕೆ ಬರುತ್ತದೆ. ಬರದಿದ್ದರೆ ಔಷಧ ಇದೆ.

ಪಿತ್ತಕೋಶ ತೆಗೆಸುವುದನ್ನು ಮಾತ್ರ ಮುಂದೂಡಬೇಡಿ. ನಾಳದ ಕಲ್ಲು ಹೋಯಿತು, ನೋವಿಲ್ಲ, ಕಾಫಿ ಕೊಯ್ಲು ಮುಗಿಯಲಿ ಎಂದು ಮನೆಗೆ ಬಂದವರು ಇನ್ನೊಂದು ಕಲ್ಲು ಜಾರಿಸಿಕೊಂಡು ಮರಳುವುದನ್ನು ನೋಡಿದ್ದೇನೆ. ಅದೇ ಭರ್ತಿಯಲ್ಲಿ ಅಥವಾ ಎರಡು ವಾರದೊಳಗೆ ಮುಗಿಸಿಕೊಂಡರೆ ಒಳ್ಳೆಯದು. ಅಲ್ಲಿಯ ತನಕ ಕೊಬ್ಬು ಬೇಡ. ಕಾಫಿಯೂ ಪಿತ್ತಕೋಶವನ್ನು ಹಿಂಡಿಸುತ್ತದೆ, ಆದ್ದರಿಂದ ಕಡಿಮೆ ಮಾಡಲಿ. ಆಮೇಲೆ ಕಾಫಿಗೆ ಅಡ್ಡಿಯಿಲ್ಲ. ನೂಪುಟ್ಟು (ಒತ್ತು ಶ್ಯಾವಿಗೆ), ಅಕ್ಕಿ ರೊಟ್ಟಿ, ಬೇಯಿಸಿದ ತರಕಾರಿ ಮೊದಲ ದಿನದಿಂದಲೇ ಆಗುತ್ತದೆ. ಪಂದಿಕರಿಯನ್ನು ನಾನು ಸಾಮಾನ್ಯವಾಗಿ ಒಂದು ತಿಂಗಳ ನಂತರ, ಸ್ವಲ್ಪ ಸ್ವಲ್ಪವಾಗಿ ಒಪ್ಪುತ್ತೇನೆ. ಪುತ್ತರಿ ಹಬ್ಬದ ಹೊತ್ತಿಗೆ ಅವ್ವ ಎಲ್ಲರ ಜೊತೆ ಊಟಕ್ಕೆ ಕೂರಬಹುದು.

ನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ದಾರಿ ತೆರೆದಿಡುವ ಸಣ್ಣ ಕೊಳವೆ, ಇಟ್ಟರೆ ಅದನ್ನು ತೆಗೆಸುವ ತಾರೀಕನ್ನು ಅಲ್ಲೇ ಬರೆಸಿಕೊಂಡು, ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯಬೇಕು, ಮರೆತರೆ ಸ್ಟೆಂಟೇ ಕಟ್ಟಿಕೊಂಡು ಮತ್ತೆ ಕಾಮಾಲೆ ಬರುತ್ತದೆ. ಕಲ್ಲು ತೆಗೆದ ಮರುದಿನವೇ ಕಣ್ಣು ಬಿಳಿಯಾಗಲಿಲ್ಲ ಎಂದು ಮನೆಯವರು ಗಾಬರಿಯಾಗಬಾರದು. ರಕ್ತದ ಪ್ರೋಟೀನಿಗೆ ಅಂಟಿಕೊಂಡ ಬಿಲಿರುಬಿನ್ ಆ ಪ್ರೋಟೀನಿನ ಜೊತೆಯಲ್ಲೇ ನಿಧಾನವಾಗಿ ಹೋಗುತ್ತದೆ, ಎರಡು ಮೂರು ವಾರ ಹಳದಿಯ ಛಾಯೆ ಉಳಿಯಬಹುದು. ಅದಕ್ಕಿಂತ ಮೊದಲೇ ತುರಿಕೆ ಇಳಿದು ಅವ್ವನಿಗೆ ನಿದ್ದೆ ಹತ್ತುತ್ತದೆ, ಮಲಕ್ಕೆ ಕಂದು ಬಣ್ಣ ಮರಳುತ್ತದೆ. ಆ ಬಣ್ಣ ಬಂದ ದಿನ ನನಗೊಂದು ಸಾಲು ಬರೆಯಿರಿ.